ಎಣಿಕೆಯೂ ಅರ್ಥವೂ

ಸಾಹಿತ್ಯದ ಮೇಷ್ಟರುಗಳಾದ ನಮಗೆ ಅಂಕಿಗಳ ವಿಷಯದಲ್ಲಿ ಒಂದು ಬಗೆಯ ತಾತ್ಸಾರವುಂಟು. ಮನುಷ್ಯನ ದುಃಖವನ್ನು ಕವಿ ಹಾಡಬಹುದು, ಕಾದಂಬರಿಕಾರ ಬಿಡಿಸಿ ತೋರಿಸಬಹುದು. ಅದನ್ನು ಕೂಡಿ ಕಳೆದು ಭಾಗಿಸಿ ಕೋಷ್ಟಕದ ಮನೆಗಳಲ್ಲಿ ಕೂರಿಸಲು ಹೊರಡುವುದು ಅರಸಿಕತನವೆಂದೇ ನಮ್ಮ ನಂಬಿಕೆ. ಬಹುಕಾಲ ಕನ್ನಡ ಪಾಠ ಹೇಳಿದ ನಾನೂ ಈ ನಂಬಿಕೆಗೆ ಹೊರತಾಗಿರಲಿಲ್ಲ. ನಿವೃತ್ತನಾದ ಮೇಲೆ ನಡೆದ ಒಂದು ಸಣ್ಣ ಪ್ರಸಂಗ ಅದನ್ನು ಅಲುಗಿಸಿತು.

ನಮ್ಮ ಬೀದಿಯ ಹುಡುಗಿಯೊಬ್ಬಳು ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಳು. ಕೊನೆಯ ವರ್ಷ ಒಪ್ಪಿಸಬೇಕಾದ ಪ್ರಬಂಧಕ್ಕಾಗಿ ಊರ ಹೊರಗಿನ ಒಂದು ಕೇರಿಯಲ್ಲಿ ಮನೆಮನೆಗೂ ಹೋಗಿ, ಪ್ರಶ್ನಾವಳಿ ತುಂಬಿಸಿಕೊಂಡು ಬಂದಿದ್ದಳು. ಬರೆದ ಭಾಷೆಯನ್ನು ತಿದ್ದಿಕೊಡಬೇಕೆಂದು ಹಾಳೆಗಳ ಕಟ್ಟನ್ನು ನನ್ನ ಮುಂದಿಟ್ಟಳು. ಪುಟ ತಿರುವಿದಲ್ಲೆಲ್ಲ ಕೋಷ್ಟಕಗಳು. ನಾನು ನಗುತ್ತ, "ಇದರಲ್ಲಿ ತಿದ್ದುವುದಕ್ಕೆ ಭಾಷೆ ಎಲ್ಲಿದೆಯಮ್ಮ?" ಎಂದೆ. ಅವಳು ನಗಲಿಲ್ಲ. ಒಂದು ಹಾಳೆಯನ್ನು ಎಳೆದು ತೋರಿಸಿ ಕೇಳಿದಳು: "ಸರ್, ಈ ಮನೆಯ ಹೆಂಗಸು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಲೇ ನನಗೆ ಉತ್ತರ ಹೇಳಿದರು. ಉದ್ಯೋಗವೇನು ಅಂತ ಕೇಳಿದರೆ, 'ಏನೂ ಇಲ್ಲಮ್ಮ, ಮನೇಲೇ ಇರ್ತೀನಿ' ಅಂದರು. ನಾನು ಏನು ಬರೆಯಲಿ? ಅವರು ಹೇಳಿದ್ದನ್ನೋ, ನಾನು ಕಂಡದ್ದನ್ನೋ?"

ನನಗೆ ಉತ್ತರ ಹೊಳೆಯಲಿಲ್ಲ. "ಅದು ನಿಮ್ಮ ಶಾಸ್ತ್ರದ ವಿಷಯ" ಎಂದು ಜಾರಿಕೊಂಡು, ಸಂಧಿಯನ್ನೂ ವಿಭಕ್ತಿಯನ್ನೂ ತಿದ್ದಿ ಕಳುಹಿಸಿಬಿಟ್ಟೆ. ಆದರೆ ಪ್ರಶ್ನೆ ನನ್ನಲ್ಲೇ ಉಳಿಯಿತು. ಅದರ ಬೆನ್ನು ಹತ್ತಿ ಓದುತ್ತ ಹೋದಾಗ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ ನಗರದಲ್ಲಿ ಇನ್ನೊಬ್ಬ ವಿದ್ಯಾರ್ಥಿ ಇಂಥದೇ ಕೆಲಸಕ್ಕೆ ಕುಳಿತಿದ್ದ ಕಥೆ ಎದುರಾಯಿತು. ಇಂದು ಆ ಕಥೆಯನ್ನು ಹೇಳಬೇಕೆಂದಿದ್ದೇನೆ.

ಸಮಾಜಶಾಸ್ತ್ರಕ್ಕೆ ಒಂದು ಶಾಸ್ತ್ರದ ನಿಲುವನ್ನು ತಂದುಕೊಟ್ಟವರಲ್ಲಿ ಎಮಿಲ್ ಡರ್ಖೈಮ್ ಪ್ರಮುಖ. 1858ರಲ್ಲಿ ಫ್ರಾನ್ಸಿನ ಎಪಿನಾಲ್ ಎಂಬ ಊರಿನಲ್ಲಿ ಯಹೂದಿ ಪುರೋಹಿತನ ಮಗನಾಗಿ ಹುಟ್ಟಿದವನು. 1887ರಿಂದ ಬೋರ್ಡೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕ. ಅವನ ಅಕ್ಕನ ಮಗ ಮಾರ್ಸೆಲ್ ಮಾಸ್ 1872ರಲ್ಲಿ ಅದೇ ಎಪಿನಾಲಿನಲ್ಲಿ ಹುಟ್ಟಿದ. ಹುಡುಗ ದೊಡ್ಡವನಾದ ಮೇಲೆ ಬೋರ್ಡೋಗೆ ಬಂದು ಸೋದರಮಾವನ ಬಳಿಯೇ ತತ್ತ್ವಶಾಸ್ತ್ರ ಓದಿದ. 1895ರಲ್ಲಿ ಅಧ್ಯಾಪಕ ವೃತ್ತಿಗೆ ಬೇಕಾದ ಉನ್ನತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮುಂದಿನ ವ್ಯಾಸಂಗಕ್ಕೆ ಪ್ಯಾರಿಸ್ಸಿನಲ್ಲಿ ನಿಂತ. ಅಲ್ಲಿ ಅವನು ಸಿಲ್ವೇನ್ ಲೆವಿಯೆಂಬ ಪ್ರಸಿದ್ಧ ವಿದ್ವಾಂಸನಲ್ಲಿ ಸಂಸ್ಕೃತವನ್ನು ಕಲಿತನೆಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಆ ಮಾತಿಗೆ ಮತ್ತೆ ಬರುವುದಿದೆ.

ಡರ್ಖೈಮ್ ಆಗ ಆತ್ಮಹತ್ಯೆಯನ್ನು ಕುರಿತು ಒಂದು ಗ್ರಂಥವನ್ನು ಸಿದ್ಧಪಡಿಸುತ್ತಿದ್ದ. ಒಬ್ಬ ಮನುಷ್ಯ ತನ್ನ ಬದುಕನ್ನು ತಾನೇ ಕೊನೆಗಾಣಿಸಿಕೊಳ್ಳುವುದಕ್ಕಿಂತ ಖಾಸಗಿಯಾದ, ಏಕಾಂತದ ಸಂಗತಿ ಬೇರೊಂದಿಲ್ಲ. ಆದರೆ ಒಂದು ದೇಶದಲ್ಲಿ ಹೀಗೆ ಸಾಯುವವರ ಸಂಖ್ಯೆ ವರ್ಷವರ್ಷವೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ನಿಲ್ಲುತ್ತದೆ. ದೇಶದಿಂದ ದೇಶಕ್ಕೆ, ಮತದಿಂದ ಮತಕ್ಕೆ ಬದಲಾಗುತ್ತದೆ. ಸಾಯುವವರು ಬೇರೆ ಬೇರೆ, ಪ್ರಮಾಣ ಮಾತ್ರ ನಿಂತ ಹಾಗೆ ನಿಂತಿದೆ. ಹಾಗಾದರೆ ಒಬ್ಬೊಬ್ಬನ ಎದೆಯ ಆಚೆಗೆ, ಎಲ್ಲರನ್ನೂ ಕಟ್ಟಿಹಾಕಿದ ಸಮಾಜದಲ್ಲಿಯೇ ಯಾವುದೋ ಕಾರಣ ಇರಲೇಬೇಕೆಂಬುದು ಆತನ ವಾದ. ಇದನ್ನು ಸಾಧಿಸಿ ತೋರಿಸಲು ಅಂಕಿಗಳು ಬೇಕಾಗಿದ್ದವು.

ಅಂಕಿಗಳು ಇರಲಿಲ್ಲವೆಂದಲ್ಲ. ಫ್ರಾನ್ಸಿನ ನ್ಯಾಯಾಂಗ ಸಚಿವಾಲಯ ವರ್ಷಕ್ಕೊಮ್ಮೆ ವರದಿ ಪ್ರಕಟಿಸುತ್ತಿತ್ತು. ಆದರೆ ಪ್ರಕಟವಾದ ಅಂಕಿಗಳಲ್ಲಿ ಒಂದು ಬಲೆಯಿತ್ತು. 1873ರಿಂದ 1878ರವರೆಗಿನ ಲೆಕ್ಕವನ್ನೇ ನೋಡಿ: ಆತ್ಮಹತ್ಯೆ ಮಾಡಿಕೊಂಡ ವಿವಾಹಿತರು ಸುಮಾರು 16,000, ಅವಿವಾಹಿತರು ಸುಮಾರು 12,000. ಇದನ್ನು ಕಂಡು, ಸಂಸಾರದ ಹೊರೆಯೇ ಮನುಷ್ಯನನ್ನು ಸಾವಿಗೆ ನೂಕುತ್ತದೆಂದು ತೀರ್ಮಾನಿಸಿದವರಿದ್ದರು. ಕೇಳುವುದಕ್ಕೆ ನಿಜವೆನಿಸುವ ಮಾತು. ಗಂಡಂದಿರು ತಲೆದೂಗುವ ಮಾತು. ಆದರೆ ಅವಿವಾಹಿತರು ಎಂಬ ಗುಂಪಿನಲ್ಲಿ ತೊಟ್ಟಿಲ ಕೂಸೂ ಇದೆ, ಶಾಲೆಗೆ ಹೋಗುವ ಹುಡುಗನೂ ಇದ್ದಾನೆ. ಎಳೆಯ ವಯಸ್ಸಿನಲ್ಲಿ ಈ ಬಗೆಯ ಸಾವು ತೀರ ವಿರಳ. ನಲವತ್ತರ ಗೃಹಸ್ಥನನ್ನು ನಾಲ್ಕು ವರ್ಷದ ಮಗುವಿನೊಡನೆ ತೂಗಿ, ಮದುವೆ ಕೆಟ್ಟದ್ದೆನ್ನುವುದು ಯಾವ ನ್ಯಾಯ? ಹೋಲಿಸುವುದಾದರೆ ಒಂದೇ ವಯಸ್ಸಿನ ವಿವಾಹಿತನನ್ನೂ ಅವಿವಾಹಿತನನ್ನೂ ಹೋಲಿಸಬೇಕು. ಅಷ್ಟೇ ಸಾಲದು, ಕಾಪಾಡುವುದು ಮದುವೆಯೋ ಮಕ್ಕಳೋ ಎಂಬುದು ತಿಳಿಯಬೇಕಾದರೆ, ಮಕ್ಕಳಿದ್ದವರನ್ನೂ ಇಲ್ಲದವರನ್ನೂ ಬೇರೆಯಾಗಿ ಎಣಿಸಬೇಕು. ಹೀಗೆ ಬಿಡಿಸಿದ ಲೆಕ್ಕ ಅಚ್ಚಾದ ವರದಿಗಳಲ್ಲಿ ಇರಲಿಲ್ಲ. ಅದು ಸಚಿವಾಲಯದ ಕಪಾಟುಗಳಲ್ಲಿ, ಒಬ್ಬೊಬ್ಬ ಸತ್ತವನ ಹೆಸರಿನ ಕಡತದಲ್ಲಿ ಅಡಗಿತ್ತು.

ಆ ಕಪಾಟುಗಳ ಬೀಗದ ಕೈ ಇದ್ದದ್ದು ಗಬ್ರಿಯೆಲ್ ಟಾರ್ಡ್ ಎಂಬಾತನಲ್ಲಿ. ಸಚಿವಾಲಯದ ಅಂಕಿಅಂಶಗಳ ವಿಭಾಗಕ್ಕೆ ಆತ ಮುಖ್ಯಸ್ಥ. ಸ್ವತಃ ದೊಡ್ಡ ಚಿಂತಕ. ಸಮಾಜವೆಲ್ಲ ನಡೆಯುವುದು ಒಬ್ಬರನ್ನೊಬ್ಬರು ಅನುಕರಿಸುವುದರಿಂದ ಎಂದು 1890ರಲ್ಲಿ ಗ್ರಂಥ ಬರೆದು ಹೆಸರಾದವನು. ಡರ್ಖೈಮನಿಗೆ ಈ ಸಿದ್ಧಾಂತ ಸ್ವಲ್ಪವೂ ಒಪ್ಪಿಗೆಯಿರಲಿಲ್ಲ. ಬರೆಯುತ್ತಿದ್ದ ಗ್ರಂಥದಲ್ಲಿ ಒಂದು ಅಧ್ಯಾಯವೇ ಅನುಕರಣವಾದದ ಖಂಡನೆಗೆ ಮೀಸಲಾಯಿತು. ಹೀಗಿದ್ದೂ ಟಾರ್ಡ್ ತನ್ನ ಪ್ರತಿವಾದಿಗೆ ಕಡತಗಳನ್ನು ತೆರೆದುಕೊಟ್ಟ. ಗ್ರಂಥ ಹೊರಬಂದ ಮೇಲೆ ಆತ ಅದಕ್ಕೆ ಉತ್ತರವಾಗಿ ಬರೆದ ಬರಹ ಅವನ ಕಾಲದಲ್ಲಿ ಪ್ರಕಟವಾಗಲೇ ಇಲ್ಲ; ಅದು ಅಚ್ಚಿನ ಬೆಳಕು ಕಂಡದ್ದು 2000ದಲ್ಲಿ. ತನ್ನನ್ನು ಖಂಡಿಸಲಿರುವವನ ಕೈಗೇ ಆಧಾರಗಳನ್ನಿತ್ತ ಈ ಔದಾರ್ಯ ನಮ್ಮ ವಿದ್ವತ್ ವಲಯಗಳಲ್ಲಿ ನೆನೆಯತಕ್ಕದ್ದು.

ಕಡತಗಳೇನೋ ದೊರೆತವು; ಅವುಗಳ ಮುಂದೆ ಕುಳಿತು ಎಣಿಸುವವರು ಯಾರು? ಮಾವ ಬೋರ್ಡೋದಲ್ಲಿ, ಕಡತಗಳು ಪ್ಯಾರಿಸ್ಸಿನಲ್ಲಿ. ಕೆಲಸ ಸೋದರಳಿಯನ ಪಾಲಿಗೆ ಬಂತು. ಸುಮಾರು 26,000 ಸಾವುಗಳ ದಾಖಲೆಗಳನ್ನು ಒಂದೊಂದಾಗಿ ತೆರೆದು ವಯಸ್ಸು, ಲಿಂಗ, ವಿವಾಹಸ್ಥಿತಿ, ಮಕ್ಕಳು ಇದ್ದರೋ ಇಲ್ಲವೋ ಎಂಬ ನಾಲ್ಕು ಸಂಗತಿಗಳನ್ನು ಗುರುತು ಹಾಕಿ ವಿಂಗಡಿಸಬೇಕು. ಅಮೆರಿಕದಲ್ಲಿ 1890ರ ಜನಗಣತಿಗೆ ರಂಧ್ರ ಕೊರೆದ ಕಾರ್ಡುಗಳ ಯಂತ್ರ ಬಂದಿತ್ತು ನಿಜ. ಈ ವಿದ್ಯಾರ್ಥಿಯ ಬಳಿ ಇದ್ದದ್ದು ಲೇಖನಿ, ಕಾಗದ, ಎರಡು ಕಣ್ಣು. 1897ರಲ್ಲಿ 'ಆತ್ಮಹತ್ಯೆ' ಎಂಬ ಗ್ರಂಥ ಪ್ರಕಟವಾದಾಗ, ಈ ಭಾರವಾದ ಕೆಲಸವನ್ನು ಮಾಸ್ ಒಬ್ಬನೇ ಮಾಡಿದನೆಂದು ಡರ್ಖೈಮ್ ಮುನ್ನುಡಿಯಲ್ಲಿ ಸ್ಮರಿಸಿದ. ಎಷ್ಟೋ ದೊಡ್ಡ ಗ್ರಂಥಗಳಲ್ಲಿ ವಿದ್ಯಾರ್ಥಿಗಳಿಗೆ ಆ ಒಂದು ಸಾಲೂ ಸಲ್ಲುವುದಿಲ್ಲ.

ಆ 26,000 ಕಡತಗಳಿಂದ ಏನು ಹೊರಟಿತು? ಕೇಳುವವರಿಗೆ ಅಂಕಿಗಳು ಬೇಸರ ತರುತ್ತವೆಂದು ಬಲ್ಲೆ. ಆರೇ ಆರು ಅಂಕಿಗಳನ್ನು ಹೇಳುತ್ತೇನೆ; ದಯವಿಟ್ಟು ತಾಳ್ಮೆಯಿಂದ ಕೇಳಬೇಕು. ಇವು 1889ರಿಂದ 1891ರವರೆಗಿನ ಫ್ರಾನ್ಸಿನ ಲೆಕ್ಕ. ಹತ್ತು ಲಕ್ಷ ಜನರಿಗೆ ವರ್ಷವೊಂದಕ್ಕೆ ಎಷ್ಟು ಮಂದಿ ಆತ್ಮಹತ್ಯೆ ಮಾಡಿಕೊಂಡರೆಂಬ ಪ್ರಮಾಣ. ಮೊದಲು ಗಂಡಸರು. ಸುಮಾರು 45 ವಯಸ್ಸಿನ ಅವಿವಾಹಿತರಲ್ಲಿ 975. ಮದುವೆಯಾಗಿ ಮಕ್ಕಳಿಲ್ಲದವರಲ್ಲಿ 644. ಮದುವೆಯಾಗಿ ಮಕ್ಕಳಿದ್ದವರಲ್ಲಿ 336. ಮದುವೆ ಒಂದು ಆಸರೆ, ಮಕ್ಕಳು ಇನ್ನೊಂದು ಆಸರೆ, ಸರಳವಾದ ಮಾತು. ಇನ್ನು ಹೆಂಗಸರು. ಸುಮಾರು 42 ವಯಸ್ಸಿನ ಅವಿವಾಹಿತೆಯರಲ್ಲಿ 150. ಮದುವೆಯಾಗಿ ಮಕ್ಕಳಿದ್ದವರಲ್ಲಿ 79. ಮದುವೆಯಾಗಿ ಮಕ್ಕಳಿಲ್ಲದವರಲ್ಲಿ? 221.

ಈ ಕೊನೆಯ ಅಂಕಿಯ ಬಳಿ ಸ್ವಲ್ಪ ನಿಲ್ಲಬೇಕು. ಮಕ್ಕಳಿಲ್ಲದಿದ್ದರೂ ಗಂಡಸಿಗೆ ಮದುವೆ ನೆರಳಾಗುತ್ತದೆ. ಹೆಂಗಸಿಗೆ ಹಾಗಲ್ಲ, ಮದುವೆಯಾಗದೆ ಉಳಿದವಳಿಗಿಂತ, ಮದುವೆಯಾಗಿ ಮಕ್ಕಳಿಲ್ಲದೆ ಉಳಿದವಳು ಒಂದೂವರೆ ಪಟ್ಟು ಹೆಚ್ಚಾಗಿ ಸಾವನ್ನು ಬಯಸಿದ್ದಾಳೆ. ಅವಳನ್ನು ಕಾಯುವುದು ಮಕ್ಕಳೇ ಹೊರತು ಮದುವೆಯಲ್ಲ. ಬಂಜೆಯೆಂಬ ಮಾತಿನ ಇರಿತವನ್ನು ನಮ್ಮ ಹಳ್ಳಿಯ ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡಿಕೊಂಡದ್ದು ನಮಗೆ ಗೊತ್ತು. ಆ ನೋವು ಯಾವ ಹಾಡೂ ಇಲ್ಲದ ಒಂದು ಸರ್ಕಾರಿ ಕಛೇರಿಯ ಕಪಾಟಿನಿಂದ, ಮೂರು ಅಂಕೆಗಳ ಒಂದು ಸಂಖ್ಯೆಯಾಗಿ ಎದ್ದು ಬರುತ್ತದೆಂದು ನಾನಂತೂ ಎಣಿಸಿರಲಿಲ್ಲ. ಅದನ್ನು ಓದಿದ ದಿನ ಕೋಷ್ಟಕವನ್ನು ಅರಸಿಕರ ಕೆಲಸವೆನ್ನುವ ಧೈರ್ಯ ನನಗೆ ಉಳಿಯಲಿಲ್ಲ.

ಈ ಅಂಕಿಯನ್ನು ಡರ್ಖೈಮ್ ಹೇಗೆ ಓದಿದ? ಇಲ್ಲಿ ಕಥೆ ಒಂದು ತಿರುವನ್ನು ತೆಗೆದುಕೊಳ್ಳುತ್ತದೆ. ದಾಂಪತ್ಯವೆಂಬ ವ್ಯವಸ್ಥೆ ಹೆಣ್ಣಿಗೆ ಹಾನಿಕರವೆಂದು ಆತ ಒಂದು ಅಧ್ಯಾಯದಲ್ಲಿ ಒಪ್ಪಿಕೊಂಡ. ಮುಂದೆ ಇನ್ನೊಂದು ಅಧ್ಯಾಯದಲ್ಲಿ, ವಿಚ್ಛೇದನ ಹೆಚ್ಚಾಗಿರುವ ಪ್ರದೇಶಗಳಲ್ಲಿ ಹೆಂಡತಿಯರ ಸ್ಥಿತಿ ಉತ್ತಮ, ಗಂಡಂದಿರ ಸ್ಥಿತಿ ಅಧಮ ಎಂಬುದನ್ನೂ ಗುರುತಿಸಿದ. ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಆತನ ಎದುರಿನಲ್ಲೇ ಇತ್ತು. ಅಂದಿನ ಫ್ರಾನ್ಸಿನ ಮನೆಗಳಲ್ಲಿ ಹೆಂಡತಿಗೆ ಇದ್ದ ಸ್ಥಾನವನ್ನು ನೋಡಿದ್ದರೆ ಸಾಕಾಗಿತ್ತು. ಸಮಾಜದ ಸಂಗತಿಗೆ ಸಮಾಜದಲ್ಲಿಯೇ ಕಾರಣ ಹುಡುಕಬೇಕೆಂದು ಜೀವಮಾನವಿಡೀ ಬೋಧಿಸಿದ ಆಚಾರ್ಯ, ಹೆಣ್ಣಿನ ಮಾತು ಬಂದಾಗ ಮಾತ್ರ ತನ್ನ ಸೂತ್ರವನ್ನೇ ಕೈಬಿಟ್ಟ. ಹೆಣ್ಣಿನ ಮನಸ್ಸು ಅಷ್ಟಾಗಿ ಬೆಳೆದದ್ದಲ್ಲ, ಅವಳನ್ನು ನಡೆಸುವುದು ಸಹಜಪ್ರವೃತ್ತಿ; ಆದ್ದರಿಂದ ಮದುವೆಯ ಕಟ್ಟುಪಾಡು ಅವಳಿಗೆ ಬೇಕಾಗಿಯೇ ಇಲ್ಲ, ಹೊರೆಯಾಗುತ್ತದೆ ಅಷ್ಟೆ ಎಂದು ಬರೆದ. ಫ್ರಾನ್ಸಿನಲ್ಲಿ ವಿಚ್ಛೇದನದ ಹಕ್ಕು 1884ರಲ್ಲಿ ಮರಳಿ ಬಂದಿತ್ತು. ದಂಪತಿಗಳಿಬ್ಬರೂ ಒಪ್ಪಿ ಬೇರೆಯಾಗಲು ಅವಕಾಶವಿರಬೇಕೆಂಬ ಬೇಡಿಕೆ ಎದ್ದಾಗ, 1906ರಲ್ಲಿ ಡರ್ಖೈಮ್ ಅದನ್ನು ವಿರೋಧಿಸಿ ಲೇಖನ ಬರೆದ. ಆ ಅವಕಾಶ ಅಲ್ಲಿನ ದಂಪತಿಗಳಿಗೆ ಮತ್ತೆ ದೊರೆತದ್ದು 1975ರ ಕಾನೂನಿನಿಂದ.

ಎಣಿಕೆ ಸುಳ್ಳು ಹೇಳಲಿಲ್ಲ. ಓದಿದ ಕಣ್ಣಿಗೆ ಪೊರೆ ಬಂದಿತ್ತು. ಆದರೆ ಡರ್ಖೈಮನ ಸಲುವಾಗಿ ಒಂದು ಮಾತನ್ನು ಹೇಳಲೇಬೇಕು. ತನ್ನ ಅಭಿಪ್ರಾಯಕ್ಕೆ ಇರಿಸುಮುರಿಸಾದ ಅಂಕಿಯನ್ನು ಆತ ಮುಚ್ಚಿಡಲಿಲ್ಲ. ವಿದ್ಯಾರ್ಥಿ ಎಣಿಸಿದ್ದನ್ನು ಎಣಿಸಿದಂತೆಯೇ ಅಚ್ಚು ಹಾಕಿಸಿದ. ಆದ್ದರಿಂದಲೇ ಮುಂದಿನ ತಲೆಮಾರಿನವರು ಅದೇ ಕೋಷ್ಟಕವನ್ನು ಕೈಯಲ್ಲಿ ಹಿಡಿದು, ಆತನ ವಿವರಣೆ ಎಲ್ಲಿ ತಪ್ಪಿತೆಂದು ತೋರಿಸುವುದು ಸಾಧ್ಯವಾಯಿತು. ವ್ಯಾಖ್ಯಾನ ಹಳತಾಗಿ ಬಿದ್ದುಹೋಗುತ್ತದೆ. ಮೂಲಪಾಠ ಶುದ್ಧವಾಗಿದ್ದರೆ ಹೊಸ ವ್ಯಾಖ್ಯಾನಕ್ಕೆ ಎಡೆಯಿರುತ್ತದೆ. ಹಳೆಗನ್ನಡದ ಹಸ್ತಪ್ರತಿಗಳ ಒಡನಾಟವಿದ್ದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ತನಗೆ ಅರ್ಥವಾಗದ ಅಕ್ಷರವನ್ನು ಇದ್ದಂತೆಯೇ ಬರೆದಿಟ್ಟ ಲಿಪಿಕಾರನು, ತಿದ್ದಿ ಚೆಂದಗೊಳಿಸಿದ ಪಂಡಿತನಿಗಿಂತ ಹೆಚ್ಚಿನ ಉಪಕಾರಿ.

ಮೂಲಪಾಠವೇ ಶುದ್ಧವೆಂದು ನಂಬುವುದು ಹೇಗೆ ಎಂದು ನೀವು ಕೇಳಬಹುದು. ಡರ್ಖೈಮನಿಗೂ ಈ ಸಂಶಯವಿತ್ತು. ಸರ್ಕಾರಿ ದಾಖಲೆಯಲ್ಲಿ ಸಾವಿನ ಕಾರಣವೆಂಬ ಕಲಂ ಒಂದಿತ್ತು. ಬಡತನ, ಮನೆಯ ಜಗಳ, ಪ್ರೇಮಭಂಗ ಮೊದಲಾಗಿ ಅಧಿಕಾರಿಗಳು ಅದನ್ನು ತುಂಬಿರುತ್ತಿದ್ದರು. ಇದು ಕಾರಣಗಳ ಲೆಕ್ಕವಲ್ಲ, ಕಾರಣಗಳ ವಿಷಯದಲ್ಲಿ ಅಧಿಕಾರಿಗಳಿಗಿದ್ದ ಅಭಿಪ್ರಾಯಗಳ ಲೆಕ್ಕ ಎಂದು ಹೇಳಿ ಆತ ಆ ಕಲಮನ್ನು ಬದಿಗಿಟ್ಟ. ಜಾಕ್ ಡಗ್ಲಸ್ ಎಂಬ ಅಮೆರಿಕದ ವಿದ್ವಾಂಸ 1967ರಲ್ಲಿ ಈ ತರ್ಕವನ್ನು ಇನ್ನೂ ಮುಂದಕ್ಕೆ ಒಯ್ದ. ಕಾರಣವಷ್ಟೇ ಏಕೆ, ಒಂದು ಸಾವನ್ನು ಆತ್ಮಹತ್ಯೆಯೆಂದು ಬರೆಯುವುದೇ ಒಬ್ಬ ಅಧಿಕಾರಿಯ ತೀರ್ಮಾನವಲ್ಲವೆ? ಮರ್ಯಾದೆಗೆ ಅಂಜುವ ಮನೆತನ ಅದನ್ನು ಮುಚ್ಚಿಡುವುದಿಲ್ಲವೆ? ಈ ಆಕ್ಷೇಪಣೆಯಲ್ಲಿ ಹುರುಳಿದೆ. ಎಣಿಕೆಗೆ ಮುಂಚೆ ಒಂದು ಹೆಸರಿಡುವಿಕೆ ಇರುತ್ತದೆ. ಹೆಸರಿಡುವುದು ಮನುಷ್ಯರ ಕೆಲಸ.

ಇದು ದೂರದ ದೇಶದ, ಮುಗಿದುಹೋದ ಕಾಲದ ಮಾತೆಂದು ಭಾವಿಸಬೇಡಿ. ನಮ್ಮ ದೇಶದ ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಯಂತೆ 2021ರಲ್ಲಿ ಭಾರತದಲ್ಲಿ 1,64,033 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಹೆಂಗಸರು 45,026. ಈ ಹೆಂಗಸರಲ್ಲಿ ಉದ್ಯೋಗದ ಕಲಮಿನಲ್ಲಿ 'ಗೃಹಿಣಿ' ಎಂದು ದಾಖಲಾದವರು 23,178, ಎಂದರೆ ಅರ್ಧಕ್ಕಿಂತ ಹೆಚ್ಚು. ಎದೆ ನಡುಗಿಸುವ ಅಂಕಿ. ಆದರೆ ಪ್ಯಾರಿಸ್ಸಿನ ಆ ವಿದ್ಯಾರ್ಥಿಯಿಂದ ಕಲಿತ ಪಾಠವನ್ನು ಇಲ್ಲಿ ಮರೆಯಬಾರದು. ದೇಶದ ವಯಸ್ಕ ಹೆಂಗಸರಲ್ಲಿ ಗೃಹಿಣಿಯರೇ ಬಹುಸಂಖ್ಯೆಯಲ್ಲಿರುವಾಗ ಸತ್ತವರಲ್ಲಿಯೂ ಅವರ ಪಾಲು ದೊಡ್ಡದಾಗಿರುವುದು ಸಹಜ. ಒಟ್ಟು ಗೃಹಿಣಿಯರೆಷ್ಟು, ಅವರ ವಯಸ್ಸೆಷ್ಟು, ಅದೇ ವಯಸ್ಸಿನ ಇತರರ ಗತಿಯೇನು ಎಂದು ಬಿಡಿಸಿ ಎಣಿಸಿದ ಮೇಲೆಯೇ ಮನೆಯೊಳಗಿನ ಬದುಕನ್ನು ಕುರಿತು ತೀರ್ಪು ಹೇಳಬೇಕು. ಸಿಟ್ಟು ಬೇಕು, ಸಿಟ್ಟಿಗೆ ಸರಿಯಾದ ಲೆಕ್ಕವೂ ಬೇಕು. ಇನ್ನೊಂದು ಮಾತು: ಆ 'ಗೃಹಿಣಿ' ಎಂಬ ಕಲಮಿನೊಳಗೆ ಯಾರು ಯಾರಿದ್ದಾರೆ? ಬೀಡಿ ಕಟ್ಟುತ್ತಲೇ 'ಉದ್ಯೋಗ ಏನೂ ಇಲ್ಲಮ್ಮ' ಎಂದವಳಂಥವರೂ ಅಲ್ಲಿಯೇ ಇರಬಹುದಲ್ಲವೆ?

ಮಾಸ್ ಏನಾದ ಎಂಬುದನ್ನು ಹೇಳಿ ಮುಗಿಸುತ್ತೇನೆ. ಕಡತಗಳನ್ನು ಎಣಿಸಿದ ಆ ತರುಣ ಮುಂದೆ ಸ್ವತಃ ದೊಡ್ಡ ವಿದ್ವಾಂಸನಾದ. ಮೊದಲನೆಯ ಮಹಾಯುದ್ಧ ಅವನ ಗೆಳೆಯರಲ್ಲಿ ಅನೇಕರನ್ನು ಕಬಳಿಸಿತು. ಡರ್ಖೈಮನ ಮಗ ಆಂದ್ರೆ 1915ರಲ್ಲಿ ರಣರಂಗದಲ್ಲಿ ಮಡಿದ. ಆ ದುಃಖದಿಂದ ಚೇತರಿಸಿಕೊಳ್ಳದ ಡರ್ಖೈಮ್ 1917ರಲ್ಲಿ ತೀರಿಕೊಂಡ. ಮಾವನ ಮತ್ತು ಮಡಿದ ಗೆಳೆಯರ ಅಪ್ರಕಟಿತ ಬರಹಗಳನ್ನು ಜೋಡಿಸಿ, ಸಂಪಾದಿಸಿ, ಅಚ್ಚಿಗೆ ಕೊಡುವುದರಲ್ಲಿ ಮಾಸ್ ತನ್ನ ಸ್ವಂತ ಬರವಣಿಗೆಯ ಎಷ್ಟೋ ಕಾಲವನ್ನು ಸವೆಸಿದ. ಹೆಸರಿಲ್ಲದ ಸತ್ತವರ ಕಡತಗಳಿಂದ ಆರಂಭವಾದ ಬದುಕು ತನ್ನವರೇ ಆದ ಸತ್ತವರ ಕಾಗದಗಳ ನಡುವೆ ಮುಂದುವರಿಯಿತು. ಅವನ ಕೀರ್ತಿಗೆ ಕಾರಣವಾದ 'ದಾನ'ವನ್ನು ಕುರಿತ ಪ್ರಬಂಧ ಹೊರಬಂದದ್ದು 1925ರಲ್ಲಿ. ಕೊಡುವುದು, ಪಡೆಯುವುದು, ಮರಳಿ ಕೊಡುವುದು ಎಂಬ ಮೂರು ಋಣಗಳು ಸಮಾಜವನ್ನು ಹೇಗೆ ಕಟ್ಟುತ್ತವೆಂದು ತೋರಿಸುವ ಆ ಪ್ರಬಂಧದಲ್ಲಿ ಅವನು ನಮ್ಮ ಮಹಾಭಾರತದ ಅನುಶಾಸನಪರ್ವವನ್ನು ಆಧಾರವಾಗಿ ಬಳಸಿಕೊಂಡಿದ್ದಾನೆ. ಲೆವಿಯ ಬಳಿ ಕಲಿತ ಸಂಸ್ಕೃತ ಅಲ್ಲಿ ಫಲ ಕೊಟ್ಟಿತು. ಅಂಕಿಯನ್ನೂ ಕಾವ್ಯವನ್ನೂ ಒಂದೇ ಶ್ರದ್ಧೆಯಿಂದ ಓದಬಲ್ಲವನೊಬ್ಬನಿದ್ದನೆಂಬುದು ನನ್ನಂಥ ಕಾವ್ಯದ ಮೇಷ್ಟರಿಗೆ ಸಮಾಧಾನವನ್ನೂ ಸ್ವಲ್ಪ ನಾಚಿಕೆಯನ್ನೂ ತರುವ ಸಂಗತಿ. ಮಾಸ್ 1950ರಲ್ಲಿ ತೀರಿಕೊಂಡ.

ನಮ್ಮ ಬೀದಿಯ ಹುಡುಗಿ ಪ್ರಬಂಧವನ್ನು ಒಪ್ಪಿಸಿದ ಮೇಲೆ ಒಂದು ಸಂಜೆ ಮನೆಗೆ ಬಂದಳು. ಪ್ರತಿಯನ್ನು ನೋಡಲು ಕೊಟ್ಟಳು. ಈ ಸಲ ನಾನು ಕೋಷ್ಟಕಗಳನ್ನೇ ಮೊದಲು ತೆರೆದೆ. ಉದ್ಯೋಗವೆಂದಿದ್ದ ಒಂದು ಕಲಮಿನ ಜಾಗದಲ್ಲಿ ಈಗ ಎರಡು ಕಲಮುಗಳಿದ್ದವು. ಒಂದರ ತಲೆಯ ಮೇಲೆ 'ಅವರು ಹೇಳಿದ್ದು' ಎಂದಿತ್ತು. ಇನ್ನೊಂದರ ಮೇಲೆ 'ನಾನು ಕಂಡದ್ದು'. ಮೊದಲನೆಯದರಲ್ಲಿ 'ಇಲ್ಲ', 'ಇಲ್ಲ', 'ಇಲ್ಲ' ಎಂದು ಸಾಲಾಗಿ ಬರೆದಿತ್ತು. ಪಕ್ಕದಲ್ಲಿ ಬೀಡಿ ಕಟ್ಟುವುದು, ಹೂ ಕಟ್ಟುವುದು, ಹಸು ಸಾಕಿ ಹಾಲು ಮಾರುವುದು, ಹಪ್ಪಳ ಮಾಡಿ ಅಂಗಡಿಗೆ ಕೊಡುವುದು.

"ಇದನ್ನು ಹೇಳಿಕೊಟ್ಟವರು ಯಾರಮ್ಮ?" ಎಂದೆ.

"ಯಾರೂ ಇಲ್ಲ ಸರ್. ಎರಡೂ ನಿಜವೇ ಆಗಿತ್ತು. ಒಂದನ್ನು ಹೊಡೆದುಹಾಕಲು ಮನಸ್ಸು ಬರಲಿಲ್ಲ" ಎಂದಳು.

ಆ ಪುಟದಲ್ಲಿ ತಿದ್ದುವಂಥದು ನನಗೆ ಏನೂ ಕಾಣಲಿಲ್ಲ.